ಆರ್ಕೈವ್ ತೆರೆದರೆ ಎಲ್ಲ ಕೆಂಪು: ಹಳೆ ವಿಡಿಯೊ ಪ್ರಾಜೆಕ್ಟ್‌ನ ದೋಷ ಹುಡುಕುವುದು ಹೇಗೆ

ಹೋದ ಶ್ರಾವಣದಲ್ಲಿ ಚನ್ನರಾಯಪಟ್ಟಣದ ಕಡೆಯಿಂದ ಒಂದು ಫೋನ್ ಬಂತು. ಮೂರು ವರ್ಷದ ಹಿಂದೆ ನಾನೇ ಎಡಿಟ್ ಮಾಡಿದ ಮದುವೆಯ ಹುಡುಗಿ.

"ಅಣ್ಣಾ, ಚಪ್ಪರದ ದಿನ ನಮ್ಮಜ್ಜಿ ಸೋಬಾನೆ ಹಾಡಿದ್ರಲ್ಲ, ನೀವು ಕೊಟ್ಟ ಪೆನ್‌ಡ್ರೈವ್‌ನಲ್ಲಿ ಒಂದೆರಡು ಸಾಲು ಅಷ್ಟೇ ಇದೆ. ಪೂರ್ತಿ ಹಾಡು ಸಿಗುತ್ತಾ? ಅಜ್ಜಿ ಹೋಗಿಬಿಟ್ರು."

"ಸಿಗುತ್ತೆ ಬಿಡಮ್ಮ, ಎಲ್ಲ ಆರ್ಕೈವ್ ಮಾಡಿಟ್ಟಿದ್ದೀನಿ" ಅಂತ ಧೈರ್ಯವಾಗಿ ಹೇಳಿಬಿಟ್ಟೆ. ಬೀರುವಿನಿಂದ ಹಾರ್ಡ್ ಡಿಸ್ಕ್ ತೆಗೆದು, ಪ್ರಾಜೆಕ್ಟ್ ತೆರೆದೆ. ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸಿಟ್ಟ ಪಟ್ಟಿ, ಅಂದರೆ ಟೈಮ್‌ಲೈನ್, ಈ ತುದಿಯಿಂದ ಆ ತುದಿಯವರೆಗೆ ಕೆಂಪು. ಮಾನಿಟರ್ ತುಂಬ "ಮೀಡಿಯಾ ಆಫ್‌ಲೈನ್", ಅಂದರೆ ವಿಡಿಯೊ ಫೈಲ್ ಸಿಗುತ್ತಿಲ್ಲ.

ಆ ಕೆಂಪು ಬಿಡಿಸಲು ಒಂದೂವರೆ ದಿನ ಹಿಡಿಯಿತು. ಅಷ್ಟೂ ಹೊತ್ತು ನಾನು ಮಾಡಿದ ತಪ್ಪೆಂದರೆ ಕೆಂಪನ್ನು ಒಂದೇ ಕಾಯಿಲೆ ಅಂದುಕೊಂಡಿದ್ದು. ಅದು ಜ್ವರ ಇದ್ದ ಹಾಗೆ. ಜ್ವರ ಶೀತಕ್ಕೂ ಬರುತ್ತದೆ, ಡೆಂಗಿಗೂ ಬರುತ್ತದೆ. ಫೈಲ್ ಅಲ್ಲೇ ಇದ್ದು ದಾರಿ ತಪ್ಪಿದ್ದರೂ ಕೆಂಪು, ಫೈಲ್ ಲೋಕದಲ್ಲೇ ಇಲ್ಲದಿದ್ದರೂ ಅದೇ ಕೆಂಪು. ಇನ್ನೊಂದು ವಿಷಯ: ತೀರಾ ಕೆಟ್ಟ ದೋಷಗಳು ಕೆಂಪಾಗಿ ಕಾಣುವುದೇ ಇಲ್ಲ.

ಮೊದಲು ಏನೂ ಮಾಡಬೇಡಿ

ಪ್ರಾಜೆಕ್ಟ್ ಫೈಲನ್ನು ಕಾಪಿ ಮಾಡಿಕೊಂಡು, ಕಾಪಿಯನ್ನೇ ತೆರೆಯಿರಿ. ಮೂಲದ್ದನ್ನು ಮುಟ್ಟಬೇಡಿ. ಕೆಂಪು ನೋಡಿದ ಗಾಬರಿಗೆ ಸಿಕ್ಕಿದ ಫೈಲಿಗೆಲ್ಲ ಲಿಂಕ್ ಮಾಡಿ ಸೇವ್ ಒತ್ತಿಬಿಟ್ಟರೆ, ಫೈಲ್ ಮೊದಲು ಎಲ್ಲಿತ್ತು ಅನ್ನುವ ಗುರುತು ಅಳಿಸಿಹೋಗುತ್ತದೆ. ದೋಷ ಹುಡುಕಲು ಇರುವ ದೊಡ್ಡ ಸಾಕ್ಷಿಯೇ ಆ ಹಳೆ ದಾರಿ.

ಡಿಸ್ಕ್ ಹಾಕಿದ ಕೂಡಲೇ ವಿಂಡೋಸ್ "ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಡಿಸ್ಕ್ ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಆ ಕ್ಷಣವೇ ಕಳಚಿ, ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ. ಇನ್ನೊಂದು ಸಲ ಹಾಕಿ ನೋಡೋಣ ಅನ್ನುವ ಆ ಒಂದು ಸಲಕ್ಕೇ ಎಷ್ಟೋ ಡಿಸ್ಕುಗಳು ಪೂರ್ತಿ ಸತ್ತಿವೆ.

ಸದ್ದಿಲ್ಲದಿದ್ದರೂ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತರಹದ ಉಚಿತ ಸಾಫ್ಟ್‌ವೇರ್‌ನಲ್ಲಿ ಒಮ್ಮೆ ಡಿಸ್ಕಿನ ಆರೋಗ್ಯ ನೋಡಿ. ಅಲ್ಲಿ 05 ಮತ್ತು ಸಿ5 ಅನ್ನುವ ಎರಡು ಸಾಲು ಮುಖ್ಯ. ಮೊದಲನೆಯದು ಡಿಸ್ಕ್ ಈಗಾಗಲೇ ಕೈಬಿಟ್ಟು ಬದಲಿ ಕೊಟ್ಟ ಜಾಗ, ಎರಡನೆಯದು ಓದಲು ಒದ್ದಾಡುತ್ತಿರುವ ಜಾಗ. ಸಿ5 ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ, ಎಡಿಟಿಂಗ್ ಮಾತು ಆಮೇಲೆ. ಮೊದಲು ಇದ್ದಬದ್ದದ್ದನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ.

ಸೈಜ್ ನೋಡಿ, ಲೆಕ್ಕ ಹಾಕಿ

ಇದಕ್ಕೆ ಒಂದು ನಿಮಿಷ ಸಾಕು. ಆದರೂ ಯಾರೂ ಮಾಡುವುದಿಲ್ಲ. ಕ್ಯಾಮೆರಾ ಎಷ್ಟು ಬಿಟ್‌ರೇಟ್‌ನಲ್ಲಿ (ಸೆಕೆಂಡಿಗೆ ಎಷ್ಟು ಡೇಟಾ ಬರೆಯುತ್ತದೆ ಅನ್ನುವ ಲೆಕ್ಕ) ಶೂಟ್ ಮಾಡಿತ್ತು ಅಂತ ಗೊತ್ತಿದ್ದರೆ ಫುಟೇಜ್ ಎಷ್ಟು ಜಾಗ ಹಿಡಿಯಬೇಕು ಅಂತ ಕಾಗದದ ಮೇಲೆ ಹೇಳಬಹುದು. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಅಂದರೆ ಗಂಟೆಗೆ 45 ಜಿಬಿ. 50 ಎಂಬಿಪಿಎಸ್ ಅಂದರೆ ಅದರ ಅರ್ಧ, 22.5 ಜಿಬಿ.

ಆ ಮದುವೆಯಲ್ಲಿ ಎರಡು ಕ್ಯಾಮೆರಾ, ಎರಡೂ 50 ಎಂಬಿಪಿಎಸ್, ಎಲ್ಲ ಸೇರಿ ಒಂಬತ್ತು ಗಂಟೆ ಫುಟೇಜ್. ಅಂದರೆ ಹೆಚ್ಚುಕಡಿಮೆ 200 ಜಿಬಿ ಇರಬೇಕಿತ್ತು. ನನ್ನ ಆರ್ಕೈವ್ ಫೋಲ್ಡರ್ ಇದ್ದದ್ದು 61 ಜಿಬಿ. ಈ ಲೆಕ್ಕವನ್ನು ಫೋನ್ ಬಂದ ದಿನವೇ ಹಾಕಿದ್ದರೆ ಒಂದು ದಿನ ಉಳಿಯುತ್ತಿತ್ತು. ಹಾಕಲಿಲ್ಲ. ಕೆಂಪು ಬಿಡಿಸುವ ಹುರುಪಿನಲ್ಲಿದ್ದೆ.

ಸೈಜ್ ತೀರಾ ಕಮ್ಮಿ ಇದ್ದರೆ ಬಹಳ ಸಲ ಮೂರರಲ್ಲಿ ಒಂದು ಆಗಿರುತ್ತದೆ. ಪ್ರಾಕ್ಸಿ (ಎಡಿಟ್ ಹಗುರವಾಗಲಿ ಅಂತ ಮಾಡಿಕೊಂಡ ಚಿಕ್ಕ ಕಾಪಿ) ಮಾತ್ರ ಆರ್ಕೈವ್ ಆಗಿದೆ. ಅಥವಾ ಪ್ರಾಜೆಕ್ಟ್ ಫೈಲ್ ಮಾತ್ರ ಹೋಗಿದೆ. ಅಥವಾ ಬಳಸಿದ ತುಂಡುಗಳನ್ನಷ್ಟೇ ಕತ್ತರಿಸಿ ಇಟ್ಟಿದೆ.

ಎರಡನೆಯದು ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರಲ್ಲಿ ಜಾಸ್ತಿ. ಅಲ್ಲಿ ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಅಂತಲೂ ಇದೆ, ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಆರ್ಕೈವ್ ಅಂತಲೂ ಇದೆ. ಮೊದಲನೆಯದು ಕೊಡುವ ಡಿಆರ್‌ಪಿ ಫೈಲಿನಲ್ಲಿ ಒಂದು ಫ್ರೇಮ್ ವಿಡಿಯೊ ಕೂಡ ಇರುವುದಿಲ್ಲ, ಬರೀ ಎಡಿಟ್‌ನ ವಿವರ. ಎರಡನೆಯದು ಡಿಆರ್‌ಎ ಅಂತ ಕೊನೆಯಾಗುವ ಒಂದು ಫೋಲ್ಡರ್ ಮಾಡುತ್ತದೆ. ಅದರೊಳಗೆ ಪ್ರಾಜೆಕ್ಟ್ ಫೈಲ್ ಜೊತೆಗೆ ಮೀಡಿಯಾ ಫೈಲ್‌ಗಳೂ ಇರುತ್ತವೆ. ಅಲ್ಲೂ ಮೀಡಿಯಾ, ರೆಂಡರ್ ಕ್ಯಾಶ್, ಪ್ರಾಕ್ಸಿ ಅಂತ ಬೇರೆ ಬೇರೆ ಟಿಕ್ ಬಾಕ್ಸ್ ಇವೆ. ಮೀಡಿಯಾ ಮುಂದಿನ ಟಿಕ್ ತಪ್ಪಿದರೆ ಫೋಲ್ಡರ್ ನೋಡಲು ಸರಿಯಾಗೇ ಇರುತ್ತದೆ, ಒಳಗೆ ಟೊಳ್ಳು.

ಎಲ್ಲವೂ ಕೆಂಪಾಗಿದ್ದರೆ

ಖುಷಿಪಡಿ. ನೂರಾರು ಕ್ಲಿಪ್ ಒಟ್ಟಿಗೆ ಕಾಣೆಯಾದರೆ ಬಹಳ ಸಲ ಅವು ಎಲ್ಲೂ ಹೋಗಿರುವುದಿಲ್ಲ, ಮನೆಯ ವಿಳಾಸ ಬದಲಾಗಿರುತ್ತದೆ ಅಷ್ಟೇ.

ಎಡಿಟಿಂಗ್ ಪ್ರಾಜೆಕ್ಟ್ ವಿಡಿಯೊವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಯಾವ ಡ್ರೈವ್, ಯಾವ ಫೋಲ್ಡರ್, ಯಾವ ಹೆಸರು ಅಂತ ಬರೆದಿಟ್ಟುಕೊಳ್ಳುತ್ತದೆ. ಎಡಿಟ್ ಮಾಡುವಾಗ ನಿಮ್ಮ ಡಿಸ್ಕ್ ವಿಂಡೋಸ್‌ನಲ್ಲಿ ಇ ಅಕ್ಷರದಲ್ಲಿತ್ತು, ಈಗ ಪ್ರಿಂಟರ್‌ನ ಕಾರ್ಡ್ ರೀಡರ್ ಇ ಹಿಡಿದುಕೊಂಡು ಡಿಸ್ಕಿಗೆ ಜಿ ಸಿಕ್ಕಿದೆ. ಅಷ್ಟಕ್ಕೇ ಟೈಮ್‌ಲೈನ್ ಪೂರ್ತಿ ಕೆಂಪು. ಮ್ಯಾಕ್‌ನಲ್ಲಿ ಅಕ್ಷರದ ಬದಲು ಡಿಸ್ಕಿನ ಹೆಸರು. ಒಂದೇ ಹೆಸರಿನ ಎರಡು ಡಿಸ್ಕ್ ಒಟ್ಟಿಗೆ ಹಾಕಿದರೆ ಎರಡನೆಯದರ ದಾರಿಗೆ ಕೊನೆಯಲ್ಲಿ ಒಂದು ಸಂಖ್ಯೆ ಸೇರಿಕೊಳ್ಳುತ್ತದೆ. ಕಣ್ಣಿಗೆ ಒಂದೇ ಹೆಸರು, ಸಾಫ್ಟ್‌ವೇರ್‌ಗೆ ಬೇರೆ ವಿಳಾಸ.

ಪರೀಕ್ಷೆ ಹೀಗೆ. ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಪ್ರಾಜೆಕ್ಟ್ ತೆರೆದಾಗ ಬರುವ ಲಿಂಕ್ ಮೀಡಿಯಾ ಪೆಟ್ಟಿಗೆಯಲ್ಲಿ ಹಳೆ ದಾರಿ ತೋರಿಸುತ್ತದೆ. ರಿಸಾಲ್ವ್‌ನಲ್ಲಿ ಮೀಡಿಯಾ ಪೂಲನ್ನು ಪಟ್ಟಿಯಾಗಿ ನೋಡಿ, ಫೈಲ್ ಪಾತ್ ಅನ್ನುವ ಕಾಲಂ ತೆರೆಯಿರಿ. ಆ ದಾರಿಯನ್ನು ಈಗಿನ ಡಿಸ್ಕಿನ ದಾರಿಯ ಪಕ್ಕದಲ್ಲಿಟ್ಟು ಓದಿ. ಮೊದಲ ಅಕ್ಷರ ಮಾತ್ರ ಬೇರೆ, ಉಳಿದದ್ದೆಲ್ಲ ಒಂದೇ ಅಂತಾದರೆ ರಿಲಿಂಕ್ (ಫೈಲಿಗೆ ಹೊಸ ದಾರಿ ತೋರಿಸುವುದು) ಮಾಡಲೇಬೇಡಿ. ಸಾಫ್ಟ್‌ವೇರ್ ಮುಚ್ಚಿ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಹಳೆ ಅಕ್ಷರವನ್ನೇ ಕೊಟ್ಟು ಮತ್ತೆ ತೆರೆಯಿರಿ. ನನ್ನ ಪ್ರಾಜೆಕ್ಟ್‌ನಲ್ಲಿ ಮುಕ್ಕಾಲು ಪಾಲು ಕ್ಲಿಪ್ ಇಷ್ಟಕ್ಕೇ ಎದ್ದು ಕೂತವು.

ಫೋಲ್ಡರ್‌ಗಳೇ ಜಾಗ ಬದಲಿಸಿದ್ದರೆ ಆಗ ರಿಲಿಂಕ್. ಪ್ರೀಮಿಯರ್‌ನಲ್ಲಿ "ರಿಲಿಂಕ್ ಅದರ್ಸ್ ಆಟೊಮ್ಯಾಟಿಕಲಿ" ಟಿಕ್ ಇರಲಿ. ಒಂದು ಫೈಲ್ ತೋರಿಸಿದರೆ ಅಕ್ಕಪಕ್ಕದವನ್ನು ಅದೇ ಹುಡುಕಿಕೊಳ್ಳುತ್ತದೆ. ರಿಸಾಲ್ವ್‌ನಲ್ಲಿ "ಚೇಂಜ್ ಸೋರ್ಸ್ ಫೋಲ್ಡರ್" ಒಳ್ಳೆಯದು, ಯಾಕಂದರೆ ಅದು ಒಳಗಿನ ಫೋಲ್ಡರ್‌ಗಳ ಜೋಡಣೆಯನ್ನು ಹಾಗೇ ಉಳಿಸಿಕೊಂಡು ಮೇಲಿನ ವಿಳಾಸ ಮಾತ್ರ ಬದಲಿಸುತ್ತದೆ. ಹೆಸರು ಹಿಡಿದು ಡಿಸ್ಕ್ ಪೂರ್ತಿ ಜಾಲಾಡಿಸುವುದು ಕೊನೆಯ ಉಪಾಯ. ಯಾಕೆ ಅಂತ ಇನ್ನೊಂದೆರಡು ಭಾಗದ ನಂತರ ಹೇಳುತ್ತೇನೆ.

ಕೆಲವು ಮಾತ್ರ ಕೆಂಪಾಗಿದ್ದರೆ

ನಿಜವಾದ ಪತ್ತೇದಾರಿ ಕೆಲಸ ಇಲ್ಲಿದೆ. ಕೆಂಪಾಗಿ ಉಳಿದ ಕ್ಲಿಪ್‌ಗಳನ್ನು ಒಂದು ಬಿನ್‌ಗೆ (ಪ್ರಾಜೆಕ್ಟ್ ಒಳಗಿನ ಫೋಲ್ಡರ್) ಎಳೆದುಹಾಕಿ, ಅವುಗಳಲ್ಲಿ ಸಮಾನವಾದದ್ದು ಏನು ಅಂತ ನೋಡಿ.

ಹಳೆ ದಾರಿಯಲ್ಲಿ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಅಂತ ಇದೆಯಾ? ಹಾಗಿದ್ದರೆ ಕಥೆ ಗೊತ್ತಾಯಿತು. ಎಡಿಟ್ ಮುಗಿಸುವ ಹೊತ್ತಿಗೆ ಹುಡುಗಿಯ ಮಾವ ವಾಟ್ಸ್‌ಆಪ್‌ನಲ್ಲಿ ಎರಡು ಹಳೆ ಫೋಟೊ ಕಳಿಸಿರುತ್ತಾರೆ, ಒಂದು ನಾದಸ್ವರದ ಆಡಿಯೊ ಎಲ್ಲಿಂದಲೋ ಇಳಿಸಿಕೊಂಡಿರುತ್ತೀರಿ. ಅವಸರದಲ್ಲಿ ಡೌನ್‌ಲೋಡ್ಸ್‌ನಿಂದ ನೇರ ಟೈಮ್‌ಲೈನ್‌ಗೆ ಎಳೆದಿರುತ್ತೀರಿ. ಆರ್ಕೈವ್ ಮಾಡುವಾಗ ಪ್ರಾಜೆಕ್ಟ್ ಫೋಲ್ಡರನ್ನು ಕೈಯಾರೆ ಕಾಪಿ ಮಾಡಿದರೆ ಇವು ಹೊರಗೇ ಉಳಿಯುತ್ತವೆ. ನನ್ನ ಪ್ರಾಜೆಕ್ಟ್‌ನಲ್ಲಿ ಸಿಗದೇ ಉಳಿದ ಎಂಟು ಫೈಲಿನಲ್ಲಿ ಆರು ಇಂಥವೇ.

ಎಷ್ಟು ಫೈಲ್ ಹೊರಗಿದೆ ಅಂತ ಮೊದಲೇ ನೋಡಲು ಪ್ರೀಮಿಯರ್ ಬಳಸುವವರಿಗೆ ಒಂದು ಕಳ್ಳದಾರಿ ಇದೆ. ಅದರ ಪ್ರಾಜೆಕ್ಟ್ ಫೈಲ್ ನಿಜದಲ್ಲಿ ಜಿಜಿಪ್‌ನಲ್ಲಿ ಒತ್ತಿಟ್ಟ ಎಕ್ಸ್‌ಎಂಎಲ್, ಬರೀ ಅಕ್ಷರಗಳ ಕಡತ. ಒಂದು ಕಾಪಿಯನ್ನು 7-ಜಿಪ್‌ನಲ್ಲಿ ಬಿಚ್ಚಿ, ನೋಟ್‌ಪ್ಯಾಡ್++ನಲ್ಲಿ ತೆರೆದು, "ಡೌನ್‌ಲೋಡ್ಸ್" ಅಂತ ಇಂಗ್ಲಿಷಿನಲ್ಲಿ ಹುಡುಕಿ. ಎಷ್ಟು ಸಲ ಸಿಗುತ್ತದೋ ಅಷ್ಟು ಸಲ ನಿಮಗೆ ನೀವೇ ಬೈದುಕೊಳ್ಳಬಹುದು. ಪ್ರಾಜೆಕ್ಟ್ ಕೆಟ್ಟು ತೆರೆಯದಿದ್ದಾಗಲೂ ಯಾವ ಫೈಲ್ ಎಲ್ಲಿತ್ತು ಅಂತ ಓದಿಕೊಳ್ಳಲು ಇದೇ ದಾರಿ.

ಕೆಂಪಾಗಿರುವವೆಲ್ಲ ಉದ್ದ ಉದ್ದದ ಕ್ಲಿಪ್‌ಗಳಾ? ಹಾಗಾದರೆ ಡಿಸ್ಕಿನ ಫಾರ್ಮ್ಯಾಟ್ ನೋಡಿ. ಎಫ್‌ಎಟಿ32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. ಕಾಪಿ ಮಾಡುವಾಗ ವಿಂಡೋಸ್ ಹೇಳಿರುತ್ತದೆ, ರಾತ್ರಿ ಹನ್ನೊಂದಕ್ಕೆ ಯಾರೋ "ಸ್ಕಿಪ್" ಒತ್ತಿ ಮನೆಗೆ ಹೋಗಿರುತ್ತಾರೆ. ಆರತಕ್ಷತೆಯ ಒಂದೇ ಟೇಕ್‌ನ ಮುಕ್ಕಾಲು ಗಂಟೆಯ ಕ್ಲಿಪ್ ಇರುವುದಿಲ್ಲ, ಎರಡೆರಡು ನಿಮಿಷದವೆಲ್ಲ ಇರುತ್ತವೆ.

ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಗಂಡಿನ ಹೆಸರು, ಹೆಣ್ಣಿನ ಹೆಸರು, ಛತ್ರದ ಹೆಸರು, ತಾರೀಖು ಅಂತ ಉದ್ದುದ್ದ ಬರೆಯುವ ಅಭ್ಯಾಸ ಇದೆಯಾ? ವಿಂಡೋಸ್‌ನಲ್ಲಿ ಅನೇಕ ಸಾಫ್ಟ್‌ವೇರ್‌ಗಳಿಗೆ ದಾರಿಯ ಒಟ್ಟು ಉದ್ದ 260 ಅಕ್ಷರ ದಾಟಿದರೆ ಫೈಲ್ ಕಾಣುವುದಿಲ್ಲ. ಆರ್ಕೈವ್ ಫೋಲ್ಡರನ್ನು ತಂದು ಇನ್ನೊಂದು ಉದ್ದ ಹೆಸರಿನ ಫೋಲ್ಡರ್‌ನಲ್ಲಿ ಇಟ್ಟಾಗ ಇದು ಆಗುವುದು ಜಾಸ್ತಿ. ಪರೀಕ್ಷೆಗೆ ಇಡೀ ಆರ್ಕೈವನ್ನು ಡ್ರೈವ್‌ನ ಬುಡಕ್ಕೆ, ಒಂದಕ್ಷರದ ಫೋಲ್ಡರ್‌ಗೆ ಸರಿಸಿ ನೋಡಿ. ಕಾಣಿಸಿಕೊಂಡರೆ ಅದೇ ದೋಷ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಒಂದು ವಿಚಿತ್ರ ಕಾಟ ಇದೆ. ನನಗೆ ಉಳಿದ ಎರಡು ಫೈಲ್ ಇದರಿಂದಲೇ ಸಿಕ್ಕಿರಲಿಲ್ಲ. ಎರಡೂ ಹಳೆ ಮ್ಯಾಕ್‌ನಲ್ಲಿ ಮಾಡಿದ ಗ್ರಾಫಿಕ್ಸ್, ಒಂದರ ಹೆಸರು "ತೋರಣ". ಫೋಲ್ಡರ್‌ನಲ್ಲಿ ತೋರಣ ಇದೆ, ಪ್ರಾಜೆಕ್ಟ್ ಕೇಳುತ್ತಿರುವುದೂ ತೋರಣ, ಆದರೆ ಸಿಗುತ್ತಿಲ್ಲ. ಕಾರಣ ಆ "ತೋ". ಯುನಿಕೋಡ್‌ನಲ್ಲಿ ಓಕಾರವನ್ನು ಒಂದೇ ಗುರುತಾಗಿಯೂ ಬರೆಯಬಹುದು, ಎತ್ವ, ಕೊಂಬಿನ ಇಳಿ, ದೀರ್ಘ ಅಂತ ಬಿಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಳೆ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರನ್ನು ಬಿಡಿಸಿ ಇಡುತ್ತದೆ. ವಿಂಡೋಸ್ ನೀವು ಟೈಪ್ ಮಾಡಿದ ಹಾಗೆ ಇಡುತ್ತದೆ. ಡಿಸ್ಕಿನಿಂದ ಡಿಸ್ಕಿಗೆ ಹಾರುವಾಗ ಈ ಎರಡು ತೋರಣಗಳು ಬೇರೆ ಬೇರೆ ಫೈಲ್ ಆಗಿಬಿಡುತ್ತವೆ. ಈಕಾರ, ಏಕಾರ, ಐಕಾರ, ಒಕಾರ, ಓಕಾರ ಇರುವ ಹೆಸರುಗಳಿಗೆಲ್ಲ ಈ ಅಪಾಯ ಇದೆ. "ಮದುವೆ" ಪಾರಾಗುತ್ತದೆ, "ವೀಡಿಯೊ" ಸಿಕ್ಕಿಹಾಕಿಕೊಳ್ಳುತ್ತದೆ. ಪರಿಹಾರ ಸುಲಭ: ಆ ಫೈಲಿನ ಹೆಸರನ್ನು ಈಗಿನ ಕಂಪ್ಯೂಟರ್‌ನಲ್ಲೇ ಅಳಿಸಿ ಹೊಸದಾಗಿ ಟೈಪ್ ಮಾಡಿ, ಇಲ್ಲವೇ ಕೈಯಾರೆ ತೋರಿಸಿ ಲಿಂಕ್ ಮಾಡಿ. ಕನ್ನಡದ ಮೇಲೆ ಎಷ್ಟೇ ಪ್ರೀತಿ ಇದ್ದರೂ ಫುಟೇಜ್ ಫೋಲ್ಡರ್‌ಗಳಿಗೆ ಮಾತ್ರ ನಾನೀಗ ಇಂಗ್ಲಿಷ್ ಅಕ್ಷರ, ಅಂಕಿ ಅಷ್ಟೇ ಬಳಸುತ್ತೇನೆ.

ಇನ್ನು ಗ್ರಾಫಿಕ್ಸ್ ಮಾಡುವ ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್‌ನಿಂದ ಡೈನಮಿಕ್ ಲಿಂಕ್ ಮಾಡಿದ, ಅಂದರೆ ವಿಡಿಯೊ ಫೈಲಾಗಿ ರೆಂಡರ್ ಮಾಡದೆ ನೇರ ಜೋಡಿಸಿದ ತುಣುಕುಗಳು. ಆರ್ಕೈವ್ ಮಾಡಲು ಪ್ರೀಮಿಯರ್‌ನಲ್ಲಿರುವ ಪ್ರಾಜೆಕ್ಟ್ ಮ್ಯಾನೇಜರ್ ಆಫ್ಟರ್ ಎಫೆಕ್ಟ್ಸ್ ಪ್ರಾಜೆಕ್ಟ್ ಒಳಗಿರುವ ಚಿತ್ರ, ವಿಡಿಯೊಗಳನ್ನು ಹುಡುಕಿಕೊಂಡು ಹೋಗಿ ತರುವುದಿಲ್ಲ. ಆರ್ಕೈವ್‌ಗೆ ಮೊದಲೇ ಅವನ್ನು ರೆಂಡರ್ ಮಾಡಿ ಬದಲಾಯಿಸಿ, ಆಫ್ಟರ್ ಎಫೆಕ್ಟ್ಸ್‌ನಲ್ಲೂ ಕಲೆಕ್ಟ್ ಫೈಲ್ಸ್ (ಬಳಸಿದ ಫೈಲ್‌ಗಳನ್ನೆಲ್ಲ ಒಂದೆಡೆ ಸೇರಿಸುವುದು) ಬೇರೆಯಾಗಿ ಮಾಡಿ.

ಕೆಂಪಿಲ್ಲ, ಆದರೆ ಬೇರೆ ದೃಶ್ಯ ಬರುತ್ತಿದೆ

ನಾನು ತೀರಾ ಕೆಟ್ಟ ದೋಷ ಅಂದದ್ದು ಇದನ್ನೇ. ರಿಲಿಂಕ್ ಮುಗಿಯಿತು, ಒಂದೂ ಕೆಂಪಿಲ್ಲ, ಕಾಫಿ ಕುಡಿದು ಬಂದು ಪ್ಲೇ ಒತ್ತಿದರೆ ತಾಳಿ ಕಟ್ಟುವ ಜಾಗದಲ್ಲಿ ಅಡುಗೆ ಭಟ್ಟರು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾರೆ.

ಕ್ಯಾಮೆರಾಗಳು ಫೈಲಿಗೆ ಹೆಸರಿಡುವುದರಲ್ಲಿ ಮಹಾ ಸೋಮಾರಿಗಳು. ಸೋನಿ ಕ್ಯಾಮೆರಾ ಸಿ0001.ಎಂಪಿ4 ಅಂತ ಶುರು ಮಾಡುತ್ತದೆ. ಕಾರ್ಡ್ ಫಾರ್ಮ್ಯಾಟ್ ಆದ ಮೇಲೆ ಸಂಖ್ಯೆ ಮತ್ತೆ ಮೊದಲಿನಿಂದ ಶುರುವಾಗುವ ಸೆಟ್ಟಿಂಗ್ ಇದ್ದರೆ ಪ್ರತಿ ಕಾರ್ಡ್‌ನಲ್ಲೂ ಒಂದು ಸಿ0001. ಎರಡು ಕ್ಯಾಮೆರಾ, ಕ್ಯಾಮೆರಾಗೆ ಮೂರು ಕಾರ್ಡ್ ಅಂದರೆ ಒಂದೇ ಮದುವೆಯಲ್ಲಿ ಒಂದೇ ಹೆಸರಿನ ಆರು ಫೈಲ್. ಡಿಸ್ಕಿನಲ್ಲಿ ಹತ್ತು ಮದುವೆ ಇದ್ದರೆ ಅರವತ್ತು. ಹೆಸರು ಹಿಡಿದು ಹುಡುಕು ಅಂದರೆ ಸಾಫ್ಟ್‌ವೇರ್ ಯಾವುದನ್ನು ತಂದೀತು? ಮೊದಲು ಸಿಕ್ಕಿದ್ದನ್ನು. ಡಿಸ್ಕ್ ಪೂರ್ತಿ ಜಾಲಾಡಿಸಬೇಡಿ ಅಂದದ್ದು ಇದಕ್ಕೇ.

ಅನುಮಾನ ಬಂದರೆ ಉದ್ದ, ಟೈಮ್‌ಕೋಡ್ (ಪ್ರತಿ ಫ್ರೇಮಿಗೂ ಕ್ಯಾಮೆರಾ ಹಾಕುವ ಸಮಯದ ಗುರುತು), ಶೂಟ್ ಆದ ತಾರೀಖು ಹೊಂದಿಸಿ ನೋಡಿ. ಪ್ರೀಮಿಯರ್‌ನ ಲಿಂಕ್ ಪೆಟ್ಟಿಗೆಯಲ್ಲಿ ಫೈಲ್ ಹೆಸರಿನ ಜೊತೆಗೆ "ಮೀಡಿಯಾ ಸ್ಟಾರ್ಟ್" ಕೂಡ ಟಿಕ್ ಮಾಡಿದರೆ ಶುರುವಿನ ಟೈಮ್‌ಕೋಡ್ ಹೊಂದದ ಫೈಲನ್ನು ಅದು ಬಿಟ್ಟುಬಿಡುತ್ತದೆ. ರಿಸಾಲ್ವ್ ಟೈಮ್‌ಕೋಡನ್ನೂ ನೋಡುತ್ತದೆ, ಅದಕ್ಕೇ ಕೆಲವೊಮ್ಮೆ ಸರಿಯಾದ ಹೆಸರಿನ ಫೈಲ್ ಕೊಟ್ಟರೂ ಒಲ್ಲೆ ಅನ್ನುತ್ತದೆ. ಹಾಗೆ ಹಟ ಮಾಡಿದಾಗ ಬೈಯಬೇಡಿ, ಬಹುಶಃ ನೀವೇ ತಪ್ಪು ಫೈಲ್ ಕೊಡುತ್ತಿದ್ದೀರಿ. ಮೊಬೈಲ್‌ನಲ್ಲಿ ತೆಗೆದ ಎಷ್ಟೋ ಫೈಲ್‌ಗಳು ಸೊನ್ನೆಯಿಂದಲೇ ಶುರುವಾಗುವುದರಿಂದ ಅಲ್ಲಿ ಈ ಕಾವಲು ಕೆಲಸಕ್ಕೆ ಬಾರದು. ಕಣ್ಣಲ್ಲೇ ನೋಡಬೇಕು. ನಿಮ್ಮ ಹತ್ತಿರ ಮುಗಿದ ವಿಡಿಯೊ ಇದ್ದೇ ಇರುತ್ತದಲ್ವಾ, ಅದನ್ನು ಟೈಮ್‌ಲೈನ್‌ನ ಮೇಲಿನ ಟ್ರ್ಯಾಕ್‌ನಲ್ಲಿ ಹಾಕಿ, ಬ್ಲೆಂಡ್ ಮೋಡ್ ಡಿಫರೆನ್ಸ್ ಮಾಡಿ ಓಡಿಸಿ. ಎರಡೂ ಒಂದೇ ಆಗಿರುವಲ್ಲಿ ತೆರೆ ಕಪ್ಪಗಿರುತ್ತದೆ. ಬೇರೆ ದೃಶ್ಯ ಕೂತಿರುವಲ್ಲಿ ಧಗ್ ಅಂತ ಬಣ್ಣ ಬರುತ್ತದೆ. ಒಂದು ಗಂಟೆಯ ವಿಡಿಯೊವನ್ನು ನಾಲ್ಕು ಪಟ್ಟು ವೇಗದಲ್ಲಿ ಕಾಲು ಗಂಟೆಯಲ್ಲಿ ನೋಡಿ ಮುಗಿಸಬಹುದು.

ಮುಂದಿನ ಸಲಕ್ಕೆ: ಒಂದು ಕಾರ್ಡ್, ಒಂದು ಫೋಲ್ಡರ್. ಕಾರ್ಡ್‌ನಲ್ಲಿ ಇದ್ದ ಫೋಲ್ಡರ್‌ಗಳ ಜೋಡಣೆ ಹಾಗೇ ಇರಲಿ. ಎಂಪಿ4 ಮಾತ್ರ ಸಾಕು ಅಂತ ಆರಿಸಿ ತೆಗೆಯುವವರು ಬಹಳ. ಎವಿಸಿಎಚ್‌ಡಿ ಅನ್ನುವ ಹಳೆ ರೆಕಾರ್ಡಿಂಗ್ ಮಾದರಿಯ ಕಾಲದ ಕ್ಯಾಮೆರಾಗಳು ಉದ್ದದ ಶಾಟನ್ನು ತುಂಡು ಮಾಡಿ ಎರಡು ಮೂರು ಎಂಟಿಎಸ್ ಫೈಲಾಗಿ ಇಡುತ್ತಿದ್ದವು. ಅವನ್ನು ಫೋಲ್ಡರ್‌ನಿಂದ ಹೊರಗೆ ಎಳೆದರೆ ತುಂಡು ಸೇರುವಲ್ಲಿ ಒಂದೆರಡು ಫ್ರೇಮ್ ಹಾರುತ್ತದೆ, ಆಡಿಯೊದಲ್ಲಿ ಟಕ್ ಅನ್ನುತ್ತದೆ.

ಫೈಲ್ ಇದೆ, ಆಡುತ್ತಿಲ್ಲ

ಬೇರೆ ಪ್ಲೇಯರ್‌ನಲ್ಲಿ ಹಾಕಿ ನೋಡಿ. ವಿಎಲ್‌ಸಿಯಲ್ಲಿ ಆಡುತ್ತದೆ, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಇಲ್ಲ ಅಂದರೆ ಫೈಲ್ ಸರಿ ಇದೆ, ಅದನ್ನು ಬಿಡಿಸಿ ಓದುವ ಕೋಡೆಕ್ ಇಲ್ಲ. ಎಡಿಯಸ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವ ಸ್ಟುಡಿಯೊಗಳ ಹಳೆ ಪ್ರಾಜೆಕ್ಟ್‌ಗಳಲ್ಲಿ ಕನೋಪಸ್ ಎಚ್‌ಕ್ಯೂ ಎವಿಐ ಫೈಲ್‌ಗಳು ಇರುತ್ತವೆ. ಹೊಸ ಕಂಪ್ಯೂಟರ್‌ನಲ್ಲಿ ಗ್ರಾಸ್ ವ್ಯಾಲಿಯ ಕೋಡೆಕ್ ಹಾಕದೆ ಅವು ಪ್ರೀಮಿಯರ್‌ನಲ್ಲಿ ತೆರೆಯುವುದಿಲ್ಲ. ಕ್ವಿಕ್‌ಟೈಮ್ 7 ಕಾಲದ ಕೆಲವು ಕೋಡೆಕ್‌ಗಳನ್ನು ಪ್ರೀಮಿಯರ್ 2018ರಲ್ಲಿ ಕೈಬಿಟ್ಟಿತು. ಚಿತ್ರ ಬರುತ್ತದೆ, ದನಿ ಇಲ್ಲ ಅಂದರೆ, ಲಿನಕ್ಸ್‌ನಲ್ಲಿ ರಿಸಾಲ್ವ್ ಓಡಿಸುತ್ತಿದ್ದೀರಾ ಅಂತ ನೋಡಿಕೊಳ್ಳಿ. ಅಲ್ಲಿ ಎಎಸಿ ಆಡಿಯೊ ಓದದ ಸಮಸ್ಯೆ ಹಳೆಯದು.

ವಿಎಲ್‌ಸಿಯಲ್ಲೂ ಆಡದಿದ್ದರೆ ಕಾಪಿಯೇ ಅರ್ಧಕ್ಕೆ ನಿಂತಿರಬಹುದು. ಎಂಪಿ4 ಫೈಲಿಗೆ ಒಂದು ಪರಿವಿಡಿ ಇರುತ್ತದೆ, ಯಾವ ಫ್ರೇಮ್ ಎಲ್ಲಿ ಅಂತ ಹೇಳುವುದು. ಕ್ಯಾಮೆರಾಗಳು ಅದನ್ನು ಬಹಳ ಸಲ ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಕೊನೆಯಲ್ಲಿ ಬರೆಯುತ್ತವೆ. ಹಾಗಾಗಿ ಕೊನೆಯ ನಾಲ್ಕು ಎಂಬಿ ಬರದಿದ್ದರೆ ಬರೀ ಕೊನೆ ಅಲ್ಲ, ಇಡೀ ಫೈಲೇ ತೆರೆಯುವುದಿಲ್ಲ. ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಧನ ಇದಕ್ಕೆ "ಮೂವ್ ಆಟಂ ನಾಟ್ ಫೌಂಡ್" ಅಂತ ಹೇಳುತ್ತದೆ. ಇನ್ನೊಂದು ಕಾಪಿ ಎಲ್ಲಾದರೂ ಇದೆಯಾ ಅಂತ ಮೊದಲು ಹುಡುಕಿ. ಇಲ್ಲವೇ ಇಲ್ಲ ಅಂದರೆ ಅದೇ ಕ್ಯಾಮೆರಾದ, ಅದೇ ಸೆಟ್ಟಿಂಗ್‌ನ ಒಂದು ಆರೋಗ್ಯದ ಫೈಲ್ ಕೊಟ್ಟು ಅನ್‌ಟ್ರಂಕ್ ಅನ್ನುವ ಉಚಿತ ಸಾಧನದಿಂದ ಪ್ರಯತ್ನಿಸಿ. ಸಿಗುವಷ್ಟು ಸಿಗುತ್ತದೆ.

ಎರಡು ಕಾಪಿ ಒಂದೇನಾ ಅಂತ ತಿಳಿಯಲು ಸೈಜ್ ನೋಡಿದರೆ ಸಾಲದು. ಚೆಕ್‌ಸಮ್ ಬೇಕು, ಫೈಲಿನ ಒಳಗಿನದ್ದನ್ನೆಲ್ಲ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಗುರುತು. ವಿಂಡೋಸ್‌ನಲ್ಲೇ ಸರ್ಟ್‌ಯುಟಿಲ್ ಕಮಾಂಡ್ ಇದೆ, ಕಾಪಿ ಮಾಡುವಾಗಲೇ ವೆರಿಫೈ ಮಾಡುವ ಟೆರಾಕಾಪಿ ತರಹದ್ದೂ ಇವೆ. ಅಂಗಡಿಯಲ್ಲಿ ಕಾರ್ಡ್ ಖಾಲಿ ಮಾಡುವ ಹುಡುಗನಿಗೆ ನಾನು ಹೇಳಿರುವುದು ಇಷ್ಟೇ: ವೆರಿಫೈ ಹಸಿರು ಬರುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ, ಮುಹೂರ್ತ ಮೀರಿದರೂ ಸರಿ.

ಟೈಟಲ್ ಹುಚ್ಚುಹುಚ್ಚಾಗಿದೆ, ಬಣ್ಣ ಸಪ್ಪೆಯಾಗಿದೆ

ಕನ್ನಡ ಎಡಿಟರ್‌ಗಳಿಗೆ ಇದು ತಪ್ಪಿದ್ದಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ "ಶುಭ ವಿವಾಹ" ಹೋಗಿ, ತಲೆಯ ಮೇಲೆ ಗೆರೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ನುಡಿಗೆ ಹೊಡೆದ ಸಾಲು ಶ್ರೀಲಿಪಿ ಫಾಂಟ್‌ನಲ್ಲಿ ಸರಿಯಾಗುವುದಿಲ್ಲ, ಅದೇ ಫಾಂಟ್ ಬೇಕು. ಸಿಗದಿದ್ದರೆ ಆಸ್ಕಿಯಿಂದ (ಇಂಥ ಹಳೆ ಫಾಂಟ್‌ಗಳ ಬರಹ) ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕದಲ್ಲಿ ಹಾಕಿ ಓದಿಕೊಂಡು ಹೊಸದಾಗಿ ಟೈಟಲ್ ಮಾಡಿ.

ಯುನಿಕೋಡ್‌ನಲ್ಲೇ ಬರೆದಿದ್ದು ಒತ್ತಕ್ಷರ ಮಾತ್ರ ಬಿಡಿಬಿಡಿಯಾಗಿ, ಹಲಂತ ಹಾಕಿಕೊಂಡು ನಿಂತಿದ್ದರೆ ಅದು ಬಹಳ ಸಲ ಫಾಂಟಿನ ತಪ್ಪಲ್ಲ. ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ಭಾಗದ ಟೆಕ್ಸ್ಟ್ ಎಂಜಿನ್ ದಕ್ಷಿಣ ಏಷ್ಯಾದ್ದಕ್ಕೆ ಇದೆಯಾ ನೋಡಿ. ಹೊಸ ಕಂಪ್ಯೂಟರ್‌ನಲ್ಲಿ ಈ ಸೆಟ್ಟಿಂಗ್ ತಾನಾಗಿ ಬರದೇ ಇರಬಹುದು.

ಬಣ್ಣ ಬೂದು ಬಳಿದ ಹಾಗೆ ಸಪ್ಪೆಯಾಗಿದ್ದರೆ ಬಹುಶಃ ಎಲ್‌ಯುಟಿ (ಬಣ್ಣ ಬದಲಿಸುವ ಸೂತ್ರದ ಫೈಲ್) ಬಂದಿಲ್ಲ. ರಿಸಾಲ್ವ್‌ನ ಡಿಆರ್‌ಎ ಒಳಗೆ ನೀವು ಹೊರಗಿನಿಂದ ತಂದ ಫಾಂಟ್, ಪ್ಲಗಿನ್ ಇರುವುದಿಲ್ಲ, ಎಲ್‌ಯುಟಿ ಬಂದಿದೆ ಅಂತಲೂ ನಂಬಿ ಕೂರಬೇಡಿ. ನಾನೀಗ ಪ್ರತಿ ಆರ್ಕೈವ್‌ನಲ್ಲೂ "ಎಕ್ಸ್‌ಟ್ರಾ" ಅಂತ ಒಂದು ಫೋಲ್ಡರ್ ಮಾಡಿ ಇವನ್ನೆಲ್ಲ ತುಂಬಿ, ಸಾಫ್ಟ್‌ವೇರ್‌ನ ವರ್ಷನ್ ನಂಬರನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುತ್ತೇನೆ. ಹೊಸ ವರ್ಷನ್‌ನಲ್ಲಿ ಸೇವ್ ಆದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯುವುದಿಲ್ಲ. ಪ್ರಾಜೆಕ್ಟ್ ಫೈಲೇ ತೆರೆಯದಿದ್ದಾಗ ಮೊದಲು ಅನುಮಾನಿಸಬೇಕಾದದ್ದೂ ಇದನ್ನೇ. ಜೊತೆಗೆ ಟೈಮ್‌ಲೈನ್‌ನ ಎಕ್ಸ್‌ಎಂಎಲ್ ಒಂದು, ಟೈಟಲ್ ಇಲ್ಲದ ಫೈನಲ್ ರೆಂಡರ್ ಒಂದು.

ಇಷ್ಟೆಲ್ಲ ಇಟ್ಟ ಮೇಲೆ ಬೇರೆಲ್ಲ ಡಿಸ್ಕ್ ಕಳಚಿ, ಇನ್ನೊಂದು ಕಂಪ್ಯೂಟರ್‌ನಲ್ಲಿ ಆ ಆರ್ಕೈವ್ ಒಂದನ್ನೇ ತೆರೆದು ನೋಡುತ್ತೇನೆ. ಎಡಿಟ್ ಮಾಡಿದ ಕಂಪ್ಯೂಟರ್‌ನಲ್ಲೇ ತೆರೆದರೆ ಅದು ಹಳೆ ಜಾಗದ ಫೈಲ್‌ಗಳನ್ನೇ ತೋರಿಸಿ ನಂಬಿಸಿಬಿಡುತ್ತದೆ.

ಎಲ್ಲ ಸರಿಯಾಯಿತು, ಕ್ಲಿಪ್ ಮಾತ್ರ ಗಿಡ್ಡ

ನನ್ನ ಪ್ರಾಜೆಕ್ಟ್‌ಗೆ ಬರೋಣ. ಎರಡನೇ ದಿನ ಮಧ್ಯಾಹ್ನಕ್ಕೆ ಡ್ರೈವ್ ಅಕ್ಷರ ಸರಿ, ಡೌನ್‌ಲೋಡ್ಸ್‌ನ ಆರೂ ಸಿಕ್ಕವು, ತೋರಣಗಳೂ ಸಿಕ್ಕವು. ಒಂದೂ ಕೆಂಪಿಲ್ಲ. ಸೋಬಾನೆಯ ಕ್ಲಿಪ್ ಮೇಲೆ ಎರಡು ಸಲ ಒತ್ತಿ, ಸೋರ್ಸ್ ಮಾನಿಟರ್‌ನಲ್ಲಿ ಪೂರ್ತಿ ಶಾಟ್ ನೋಡಲು ಹಿಂದಕ್ಕೆ ಎಳೆದೆ. ಎಳೆಯಲು ಏನೂ ಇರಲಿಲ್ಲ. ಕ್ಲಿಪ್‌ನ ಒಟ್ಟು ಉದ್ದ 14 ಸೆಕೆಂಡ್.

ಫಿಲ್ಮ್‌ನಲ್ಲಿ ಬಳಸಿದ್ದು 12 ಸೆಕೆಂಡ್. ಹಿಂದೆ 25 ಫ್ರೇಮ್, ಮುಂದೆ 25 ಫ್ರೇಮ್. ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಶೂಟ್ ಆದದ್ದು, ಹಾಗಾಗಿ ಎರಡೂ ಕಡೆ ಒಂದೊಂದು ಸೆಕೆಂಡ್. ಜಾಗ ಉಳಿಸೋಣ ಅಂತ ಮೂರು ವರ್ಷದ ಹಿಂದೆ ನಾನೇ ಬಳಸದ ಕ್ಲಿಪ್ ಬಿಡು, ಬಳಸಿದ್ದನ್ನು ಕತ್ತರಿಸು, ಹ್ಯಾಂಡಲ್ (ಎರಡು ತುದಿಯಲ್ಲೂ ಉಳಿಸುವ ಹೆಚ್ಚುವರಿ ಫ್ರೇಮ್) 25 ಅಂತ ಟಿಕ್ ಮಾಡಿದ್ದೆ. ಸಾಫ್ಟ್‌ವೇರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. 200 ಜಿಬಿ 61 ಆದದ್ದು ಹೀಗೆ. ಉಳಿಸಿದ ಜಾಗ 140 ಜಿಬಿ, ಇವತ್ತಿನ ಬೆಲೆಯಲ್ಲಿ ಕೆಲವೇ ನೂರು ರೂಪಾಯಿಯ ಡಿಸ್ಕ್.

ಈ ದೋಷಕ್ಕೆ ರಿಪೇರಿ ಇಲ್ಲ. ಗುರುತಿಸುವುದಷ್ಟೇ: ಟೈಮ್‌ಲೈನ್‌ನಲ್ಲಿ ಯಾವುದಾದರೂ ಐದು ಕ್ಲಿಪ್ ಹಿಡಿದು ಅಂಚು ಎಳೆದು ನೋಡಿ. ಐದೂ ಒಂದೇ ಅಳತೆಯಷ್ಟು ಎಳೆದು ನಿಂತರೆ ಅದು ಕತ್ತರಿಸಿದ ಆರ್ಕೈವ್. ಸೀರಿಯಲ್, ಜಾಹೀರಾತಿನವರಿಗೆ ಕತ್ತರಿಸಿ ಇಡುವುದು ನಡೆಯಬಹುದು. ಮದುವೆ, ನಾಮಕರಣ, ಸಾಕ್ಷ್ಯಚಿತ್ರ ಮಾಡುವವರಿಗೆ ಆಗದು. ನಮ್ಮ ಹತ್ತಿರ ಯಾರೂ ಎಡಿಟ್ ಕೇಳಿಕೊಂಡು ವಾಪಸ್ ಬರುವುದಿಲ್ಲ. ಎಡಿಟ್‌ನಲ್ಲಿ ಬಿಟ್ಟಿದ್ದನ್ನು ಕೇಳಿಕೊಂಡು ಬರುತ್ತಾರೆ.

ಆ ಹುಡುಗಿಗೆ ಫೋನ್ ಮಾಡುವ ಮೊದಲು ಸುಮ್ನೆ ಅಂಗಡಿಯ ಹಳೆ ಡಿಸ್ಕುಗಳನ್ನೆಲ್ಲ ಹಾಕಿ ಆ ತಾರೀಖಿನ ಫೈಲ್ ಹುಡುಕಿದೆ. ಒಂದು ಡಿಸ್ಕಿನಲ್ಲಿ ಆಡಿಯೊ ರೆಕಾರ್ಡರ್‌ನ ಫೋಲ್ಡರ್ ಸಿಕ್ಕಿತು. ಅವತ್ತು ಚಪ್ಪರದ ಕಂಬಕ್ಕೆ ರೆಕಾರ್ಡರ್ ಕಟ್ಟಿದ್ದೆವು, ಕ್ಯಾಮೆರಾದ ದನಿಯೇ ಸಾಕು ಅಂತ ಆ ಫೈಲನ್ನು ಪ್ರಾಜೆಕ್ಟ್‌ಗೆ ತಂದಿರಲೇ ಇಲ್ಲ. ಅದಕ್ಕೇ ಕತ್ತರಿ ಬೀಳದೆ ಉಳಿದುಕೊಂಡಿತ್ತು. ಡಿಸ್ಕಿನ ಸಿ5 ಸಾಲಿನಲ್ಲಿ ಆಗಲೇ 8 ಅಂತ ತೋರಿಸುತ್ತಿತ್ತು. ಕೇಳುವ ಮೊದಲು ಎರಡು ಕಡೆ ಕಾಪಿ ಮಾಡಿ, ಚೆಕ್‌ಸಮ್ ಹೊಂದಿಸಿದೆ.

ಹಾಡು 6 ನಿಮಿಷ 40 ಸೆಕೆಂಡ್ ಇದೆ. ಚಿತ್ರ 14 ಸೆಕೆಂಡ್. ಮಿಕ್ಕದ್ದಕ್ಕೆ ಫೋಟೊಗ್ರಾಫರ್ ತೆಗೆದ ಫೋಟೊಗಳನ್ನು ಜೋಡಿಸಿ ಕಳಿಸಿದೆ. ಮೂರನೇ ನಿಮಿಷದಲ್ಲಿ ಅಜ್ಜಿಗೆ ಸಾಲು ಮರೆತುಹೋಗುತ್ತದೆ. ಪಕ್ಕದಲ್ಲಿ ಯಾರೋ ಎತ್ತಿಕೊಡುತ್ತಾರೆ. "ಹ್ಞೂ, ಅದೇ" ಅಂದು ಅಜ್ಜಿ ಮತ್ತೆ ಹಿಡಿಯುತ್ತಾರೆ.